ಬಚ್ಚಿಟ್ಟ ಆರು ಉತ್ತರ

ಗೌರಮ್ಮನವರೇ, ದಬ್ಬೇಘಟ್ಟದ ನಿಮ್ಮ ತೋಟದ ಇಪ್ಪತ್ತೊಂದು ಹಸಿರು ತೆಂಗಿನ ಮರಗಳನ್ನು ಕಡಿಸಿದ್ದು ನನ್ನ ಸುಳ್ಳು.

ನಿಮ್ಮ ಮೂರು ಮರಗಳಿಗೆ ಅಣಬೆ ರೋಗ ಬಂದಿತ್ತು. ಅದು ಮರದಿಂದ ಮರಕ್ಕೆ ಹಬ್ಬುತ್ತಿದೆಯೇ, ಒಂದೊಂದಕ್ಕೂ ಬೇರೆಯಾಗಿಯೇ ಬರುತ್ತಿದೆಯೇ — ತೂಗಿ ಹೇಳುವುದು ತೋಟಗಾರಿಕೆ ಆಫೀಸಿನಲ್ಲಿ ನನ್ನ ಕೆಲಸ. ಹಬ್ಬುತ್ತಿದ್ದರೆ ಸುತ್ತಲಿನ, ರೋಗವಿಲ್ಲದ ಹಸಿರು ಮರಗಳನ್ನೂ ಕಡಿಯಬೇಕು. ಎರಡು ಊಹೆಗೂ ಒಂದೊಂದು ಗಣಿತದ ಮಾದರಿ. ನಾವು ತೋಟದಲ್ಲಿ ಕಂಡದ್ದು ಯಾವ ಮಾದರಿಯಲ್ಲಿ ಹೆಚ್ಚು ಸಂಭವನೀಯ? ಅದು ತಿಳಿಯಲು ರೋಗಕ್ಕೆ ಇರಬಹುದಾದ ಎಲ್ಲ ವೇಗ, ಅದು ದಾಟಬಹುದಾದ ಎಲ್ಲ ದೂರಗಳ ಮೇಲೂ ಸರಾಸರಿ ತೆಗೆಯಬೇಕು. ಎಲ್ಲವನ್ನೂ ಎಣಿಸಲಾಗದು, ಕಂಪ್ಯೂಟರ್ ಅವುಗಳಲ್ಲಿ ಕೆಲವು ಸಾವಿರವನ್ನು ಸ್ಯಾಂಪಲ್ ಆಗಿ ಆರಿಸಿ ಅಂದಾಜು ಕೊಡುತ್ತದೆ.

ನಾನು ಅಡ್ಡದಾರಿ ಹಿಡಿದೆ. ನಿಮ್ಮ ತೋಟದ ಮಾಹಿತಿಗೆ ಆಗಲೇ ಹೊಂದಿಕೊಂಡ ಸ್ಯಾಂಪಲ್‌ಗಳನ್ನಷ್ಟೇ ತೂಗಿದೆ. ಹೊಂದದೆ ದೂರ ಉಳಿದವು ಹೆಚ್ಚುಕಡಿಮೆ ಬರಲೇ ಇಲ್ಲ. ಏಳು ಸಲ ಓಡಿಸಿದೆ. ಏಳು ಉತ್ತರ, ಒಂದಕ್ಕೊಂದು ತಾಳೆಯಿಲ್ಲ. ದಾರಿಯೇ ಸರಿಯಿಲ್ಲವೆಂದು ಗೊತ್ತಾಯಿತು — ಆಗಲೇ ಗೊತ್ತಾಯಿತು. ಆದರೆ ಹಬ್ಬುತ್ತಿದೆ ಎಂದು ಮೀಟಿಂಗಿನಲ್ಲಿ ಹೇಳಿಬಿಟ್ಟಿದ್ದೆ. ಆ ಮಾತಿಗೆ ಒಪ್ಪುವ ಒಂದು ಉತ್ತರವನ್ನು ವರದಿಗೆ ಹಾಕಿ, ಉಳಿದ ಆರನ್ನು ಬಚ್ಚಿಟ್ಟೆ.

ಆ ವರದಿ ಹಿಡಿದು ಬಂದು, ನಿಮ್ಮ ಜಗಲಿಯಲ್ಲಿ ಕೂತು ಸ್ಯಾಂಪಲ್ ಎಂದರೇನೆಂದು ವಿವರಿಸಿದೆ. ನೀವು ಅಟ್ಟದ ಕಡೆ ನೋಡಿ ನಕ್ಕಿರಿ. ವರ್ಷ ಪೂರ್ತಿ ಅಲ್ಲಿ ಒಣಗಿದ ಕಾಯಿ ಒಳಗೆ ಕೊಬ್ಬರಿಯಾಗಿದೆಯೇ ಎಂದು ಅಲ್ಲಾಡಿಸಿ, ಸದ್ದಿನಲ್ಲೇ ತಿಳಿಯುವವರು ನೀವು.

“ದಲ್ಲಾಳಿ ತರ ಕೈಗೆ ಸಿಕ್ಕಿದ್ ನಾಲ್ಕು ಅಲ್ಲಾಡ್ಸಿ ಎದ್ ಬಂದ್ಯೇನವ್ವಾ? ಮೂಲೇಲಿರೋ ಕಾಯ್ನೂ ನೋಡಿದ್ಯಾ?”

ನನ್ನ ತಪ್ಪು ಇದ್ದದ್ದು ಸರಿಯಾಗಿ ಅಲ್ಲೇ. ಒಂದು ಕ್ಷಣ — ಹೇಳಬಹುದಿತ್ತು.

“ಎಲ್ಲಾ ನೋಡಿದೀನಿ ಕಣಮ್ಮ.”

“ಹಂಗಾದ್ರೆ ಕಡೀಲಿ ಬುಡು.”

ಎರಡು ವರ್ಷದ ಮೇಲೆ, ಕಳೆದ ತಿಂಗಳು, ಅದೇ ಮಾಹಿತಿಯನ್ನು ಸರಿಯಾದ ದಾರಿಯಲ್ಲಿ ತೂಗಿದೆ. ಮಾಹಿತಿಯ ಪ್ರಭಾವವನ್ನು ಸೊನ್ನೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ, ಪ್ರತಿ ಮೆಟ್ಟಿಲಲ್ಲೂ ಸ್ಯಾಂಪಲ್ ತೆಗೆದೆ; ಮೂಲೆಯ ಕಾಯಿಗಳೂ ಲೆಕ್ಕಕ್ಕೆ ಬಂದವು. ಎಷ್ಟು ಸಲ ಓಡಿಸಿದರೂ ಉತ್ತರ ಅಲುಗಲಿಲ್ಲ: ನಿಮ್ಮ ತೋಟದಲ್ಲಿ ರೋಗ ಹಬ್ಬುತ್ತಿತ್ತು ಎನ್ನಲು ಆಧಾರವಿರಲಿಲ್ಲ. ಆಮೇಲೂ ಮೂರು ವಾರ ಬಾಯಿ ಬಿಡಲಿಲ್ಲ.

ನನ್ನ ವರದಿಯನ್ನೇ ನಂಬಿ ಕಂದಿಕೆರೆಯ ತೋಟಗಳಲ್ಲೂ ಕಡಿಯಲೆಂದು ಹಸಿರು ಮರಗಳಿಗೆ ಸುಣ್ಣದ ಗುರುತು ಹಾಕಿದ್ದಾರೆಂದು ಇಂದು ಬೆಳಿಗ್ಗೆ ತಿಳಿಯಿತು. ಏಳು ಉತ್ತರಗಳನ್ನೂ ಲಗತ್ತಿಸಿ, ವರದಿ ತಪ್ಪೆಂದು ಬರೆದು, ಸಹಿ ಮಾಡಿ ಆಫೀಸಿಗೆ ಕೊಟ್ಟಿದ್ದೇನೆ. ನಾಳೆ ಮೊದಲ ಬಸ್ಸಿಗೆ ಕಂದಿಕೆರೆಗೆ ಹೋಗಿ, ಕಡಿಯಬೇಡಿ ಎನ್ನುತ್ತೇನೆ. ಅಲ್ಲಿಂದ ನಿಮ್ಮಲ್ಲಿಗೆ.

ಈ ಕಾಗದವನ್ನು ನಿಮ್ಮೆದುರು ನಾನೇ ಓದುತ್ತೇನೆ. ಆಮೇಲೆ ನೀವು ಏನೆಂದರೂ ಕೇಳುತ್ತೇನೆ — ಎದ್ದು ಹೋಗುವುದಿಲ್ಲ.