ಪೈಲಟಜ್ಜಿಯ ದನಿ

ನಲವತ್ತೊಂದನೇ ವಯಸ್ಸಿಗೆ ಅವಳು ಅಜ್ಜಿಯಾದಳು. ಆಗ ಮಗಳಿಗೆ ಇನ್ನೂ ಹದಿಮೂರು. ಮೊಮ್ಮಕ್ಕಳ ಮಾತು ದೂರವೇ ಉಳಿಯಿತು. ಅಜ್ಜಿಯಾದದ್ದು ಸ್ಟುಡಿಯೋದ ಗಾಜಿನ ಕೋಣೆಯಲ್ಲಿ. ಬೇರೆ ಯಾವುದೋ ದೇಶದಲ್ಲಿ, ಬೇರೆ ಯಾವುದೋ ಭಾಷೆಯಲ್ಲಿ ತಯಾರಾದ ಬಾಹ್ಯಾಕಾಶದ ಸಾಹಸ ಧಾರಾವಾಹಿಯೊಂದನ್ನು ನಮ್ಮ ಮಾತಿಗೆ ತರುತ್ತಿದ್ದರು. ಅದರಲ್ಲೊಂದು ಲಡಕಾಸಿ ನೌಕೆ, ಆ ನೌಕೆಗೆ ಎಪ್ಪತ್ತು ದಾಟಿದ ಒಬ್ಬ ಮುದುಕಿ ಪೈಲಟ್. ಸ್ಟುಡಿಯೋದ ಮೇಲ್ವಿಚಾರಕ ಮೊದಲು ನಿಜವಾದ ಮುದುಕಿಯರನ್ನೇ ಕರೆಸಿ ನೋಡಿದ. ಒಬ್ಬರಿಗೆ ಕನ್ನಡಕ ಹಾಕಿದರೂ ಅಕ್ಷರ ಕಾಣದು, ಇನ್ನೊಬ್ಬರು ಪರದೆಯ ಮೇಲಿನ ತುಟಿ ಮುಚ್ಚಿದ ಮೇಲೂ ಮಾತು ನಿಲ್ಲಿಸರು. ಕೊನೆಗೆ ಜಾಹೀರಾತುಗಳಲ್ಲಿ ಸೋಪು, ಹಲ್ಲುಪುಡಿ ಹೊಗಳಿಕೊಂಡು ಕಾಲ ಹಾಕುತ್ತಿದ್ದ ಇವಳನ್ನು ಕರೆದು, "ಸ್ವಲ್ಪ ಮುದುಕಿ ಥರ ಮಾತಾಡಮ್ಮ" ಎಂದ. ಮಾತಾಡಿದಳು. ಅಂದಿನಿಂದ ಅವಳು ಎಲ್ಲರಿಗೂ ಪೈಲಟಜ್ಜಿ. ಸ್ಟುಡಿಯೋದ ಟೀ ತರುವವನು ಅವಳಿಗಿಂತ ಹತ್ತು ವರ್ಷ ದೊಡ್ಡವನು, ಅವನೂ "ಅಜ್ಜಿ, ಸಕ್ಕರೆ ಎಷ್ಟು" ಎಂದು ಕೇಳುತ್ತಿದ್ದ.

ದನಿ ಕೊಡುವುದೆಂದರೆ ಓದುವುದು ಎಂದುಕೊಂಡವರೇ ಹೆಚ್ಚು. ಕಾಗದದಲ್ಲಿರುವುದನ್ನು ಓದಲು ದಾರಿಯಲ್ಲಿ ಹೋಗುವವರೂ ಸಾಕು. ಪರದೆಯ ಮೇಲಿನವಳ ಬಾಯಿ ತೆರೆದಾಗ ಇವಳದ್ದೂ ತೆರೆಯಬೇಕು, ಅವಳದ್ದು ಮುಚ್ಚಿದಾಗ ಇವಳದ್ದೂ ಮುಚ್ಚಬೇಕು. ಅನುವಾದ ಚಿಕ್ಕದಾಗಿ ಬಾಯಿ ಉಳಿದುಬಿಟ್ಟರೆ ಅಲ್ಲಿ ಏನನ್ನಾದರೂ ತುಂಬಬೇಕು. ಮೊದಲ ಕಂತಿನಲ್ಲೇ ಹಾಗಾಯಿತು. ಉಲ್ಕೆಗಳ ನಡುವೆ ಸಿಕ್ಕಿಕೊಂಡ ನೌಕೆ ಗಡಗಡ ನಡುಗುತ್ತಿದೆ, ಪೈಲಟ್ ಹಿಡಿಕೆ ಜಗ್ಗುತ್ತ ಏನನ್ನೋ ಉದ್ದಕ್ಕೆ ಹೇಳುತ್ತಾಳೆ. ಇವಳ ಕಾಗದದಲ್ಲಿ ಮಾತ್ರ "ನಿಲ್ಲು" ಎಂದಷ್ಟೇ ಇದೆ. ನಿಲ್ಲು ಎಂದಾಯಿತು, ಪರದೆಯಲ್ಲಿ ಬಾಯಿ ಇನ್ನೂ ಆಡುತ್ತಲೇ ಇತ್ತು. ಇವಳ ತಾಯಿ ಹಿಂದೆ ಹೊಲಿಗೆ ಯಂತ್ರದಲ್ಲಿ ನೂಲು ಸಿಕ್ಕಿಕೊಂಡಾಗ ಯಂತ್ರವನ್ನು ಸಮಾಧಾನ ಮಾಡುತ್ತಿದ್ದ ಮಾತು ನಾಲಿಗೆಗೆ ಬಂತು: "ತಡ್ಕೋ ತಾಯಿ, ತಡ್ಕೋ."

ಅವತ್ತು ನೆಗಡಿ ಬೇರೆ. ಮೂಗು ಕಟ್ಟಿದ್ದರಿಂದ ಆ ಮಾತಿಗೆ ಮೊದಲು ಬಾಯಿಂದ ಗೊರ್ರೆಂದು ಉಸಿರೆಳೆದಿದ್ದಳು. ಈ ಕಸುಬಿನಲ್ಲಿ ಅದು ದೊಡ್ಡ ತಪ್ಪು. ದನಿ ಕೊಡುವವರು ಉಸಿರನ್ನು ಕಳ್ಳರ ಹಾಗೆ ತೆಗೆದುಕೊಳ್ಳಬೇಕು, ಮೈಕಿಗೆ ಗೊತ್ತಾಗಬಾರದು. ಅದನ್ನು ಕತ್ತರಿಸಿ ತೆಗೆಯಬೇಕಾಗಿದ್ದ ಮೇಲ್ವಿಚಾರಕ ಮರೆತ, ಕಂತು ಹಾಗೆಯೇ ಹೊರಗೆ ಹೋಯಿತು. ಜನ ಮರುಳಾದದ್ದು ಆ ತಪ್ಪಿಗೇ. ಬಸ್ಸು ಜೋರಾಗಿ ಬ್ರೇಕ್ ಹಾಕಿದರೆ ಕಾಲೇಜಿನವರು ಗೊರ್ರೆಂದು ಉಸಿರೆಳೆದು "ತಡ್ಕೋ ತಾಯಿ" ಎನ್ನತೊಡಗಿದರು. ಮಾತು ಅಂಗಿಗಳ ಮೇಲೆ ಅಚ್ಚಾಯಿತು. ತಪ್ಪು ಮಾಡಿದವಳು ನಾಚಿಕೊಂಡರೆ, ಮೇಲ್ವಿಚಾರಕ, "ಅಮ್ಮ, ಆ ಉಸಿರು ಮಾತ್ರ ಬಿಡಬೇಡಿ" ಎಂದ. ಹನ್ನೆರಡು ವರ್ಷ, ತೊಂಬತ್ತಾರು ಕಂತು, ನೆಗಡಿ ಇರಲಿ ಬಿಡಲಿ ಅವಳು ನೆಗಡಿಯ ಉಸಿರನ್ನೇ ಎಳೆದಳು. ಕಂತಿನ ಕೊನೆಗೆ ಹೆಸರುಗಳು ಸಾಲಾಗಿ ಓಡುತ್ತಿದ್ದವು. ಆ ದೂರದೇಶದವರ ಪೈಕಿ ನಾಯಿ ಸಾಕಿದವನ ಹೆಸರೂ ಇರುತ್ತಿತ್ತು, ನಮ್ಮ ಮಾತಿನಲ್ಲಿ ದನಿ ಕೊಟ್ಟ ಒಬ್ಬರದೂ ಇರುತ್ತಿರಲಿಲ್ಲ. ಮಗಳು ಸಿಡಿಮಿಡಿಗೊಂಡರೆ, "ಹೆಸರು ಕಟ್ಟಿಕೊಂಡು ಏನು ಮಾಡ್ಲಿ, ದನಿ ಇದೆಯಲ್ಲ" ಎನ್ನುತ್ತಿದ್ದಳು.

ಕಳೆದ ವರ್ಷ ಆ ದನಿಗೇ ಕಲ್ಲು ಬಿತ್ತು. ಗಂಟಲಲ್ಲಿ ಗಂಟು. ತೆಗೆದ ಡಾಕ್ಟರು ಮೂರು ತಿಂಗಳು ತುಟಿ ಪಿಟಕ್ಕೆನ್ನಬಾರದು ಎಂದರು. ಅವಳು ಪಿಟಕ್ಕೆನ್ನಲಿಲ್ಲ. ಬೇಕಾದ್ದನ್ನೆಲ್ಲ ಪಾಟಿಯ ಮೇಲೆ ಬರೆದು ತೋರಿಸಿದಳು, ಕೋಪ ಬಂದಾಗ ದಪ್ಪ ಅಕ್ಷರದಲ್ಲಿ ಬರೆದಳು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು, "ನಮ್ಮ ಮನೆ ಇಷ್ಟು ತಣ್ಣಗೆ ಯಾವತ್ತೂ ಇರ್ಲಿಲ್ಲ" ಎಂದು ನಗಿಸಲು ನೋಡಿದಳು. ಮೂರು ತಿಂಗಳ ಮೇಲೆ ಬಾಯಿ ತೆರೆದರೆ ಬಂದದ್ದು ಬೇರೆಯದೇ ದನಿ, ಬಾಗಿಲ ಕೀಲು ಕಿರುಗುಟ್ಟಿದ ಹಾಗೆ. ಉಪ್ಪುನೀರು, ಬಿಸಿನೀರು, ಹಬೆ, ದಿನಕ್ಕೆ ಎರಡು ಹೊತ್ತು ಸ್ವರಾಭ್ಯಾಸ, ಎಲ್ಲ ಆಯಿತು. ಸ್ವಲ್ಪ ಸುಧಾರಿಸಿತು. ಸ್ಟುಡಿಯೋಗೆ ಹೋಗಿ ನಿಂತಳು.

ಮೇಲ್ವಿಚಾರಕ ಹೆಡ್‌ಫೋನ್ ತೆಗೆದು ಬಹಳ ಹೊತ್ತು ವೈರು ಸುತ್ತುತ್ತ ಕುಳಿತ. ಆಮೇಲೆ, "ಅಮ್ಮ, ತಪ್ಪು ತಿಳ್ಕೋಬೇಡಿ. ಅಜ್ಜಿಗೆ ನಿಮ್ಮ ದನಿ ಸ್ವಲ್ಪ ವಯಸ್ಸಾಯ್ತು" ಎಂದ.

ಪ್ರಾಯದಲ್ಲಿ ಮುದುಕಿಯ ಪಾತ್ರ ಸಿಕ್ಕಿತು, ಮುದುಕಿಯ ದನಿ ಬಂದ ಮೇಲೆ ಮುದುಕಿಯ ಪಾತ್ರ ಹೋಯಿತು. ಇದಕ್ಕೆ ನಗಬೇಕೋ ಅಳಬೇಕೋ ಹೇಳಿ. ಅವಳ ಜಾಗಕ್ಕೆ ಬಂದ ಹುಡುಗಿಗೆ ಇಪ್ಪತ್ತಾರು. ಒಳ್ಳೆಯ ಹುಡುಗಿಯೇ, ಅದೇ ಕಷ್ಟ. ಕೆಟ್ಟವಳಾಗಿದ್ದರೆ ಬೈದುಕೊಂಡಾದರೂ ಹೊಟ್ಟೆ ತಣ್ಣಗಾಗುತ್ತಿತ್ತು. ಸ್ಟುಡಿಯೋದಲ್ಲೇ ಕುಳಿತಿತ್ತು, ಎದ್ದು ನಿಂತು, "ನಿಮ್ಮನ್ನ ಕೇಳಿಕೊಂಡೇ ನಾನು ಬೆಳೆದಿದ್ದು ಆಂಟಿ" ಎಂದಿತು. ಹೊರಡುವಾಗ ಮೇಲ್ವಿಚಾರಕ ಬಾಗಿಲವರೆಗೆ ಬಂದ.

"ಹೊಸ ಕಂತು ಒಂದು ಅವಳು ಮಾಡ್ಲಿ. ಶುಕ್ರವಾರ ಬರುತ್ತೆ. ಅಜ್ಜಿ ದನಿ ಬದಲಾಗಿದೆ, ನಮಗೆ ಹಳೇದೇ ಬೇಕು ಅಂತ ಜನ ಗಲಾಟೆ ಮಾಡಿದ್ರೆ ಸೋಮವಾರ ನಾನೇ ಫೋನ್ ಮಾಡ್ತೀನಿ. ಒಂದೊಂದೇ ಸಾಲು ತಗೊಂಡು, ನಿಧಾನಕ್ಕೆ, ಹೇಗಾದ್ರೂ ಮಾಡೋಣ."

ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ಅವಳ ಪಾಲಿಗೆ ಆ ಹುಲ್ಲುಕಡ್ಡಿ ಜನರ ಕಿವಿ.

ಶುಕ್ರವಾರ ಸಂಜೆ ತಾಯಿ ಮಗಳು ಕುರ್ಚಿ ಎಳೆದುಕೊಂಡು ಕುಳಿತರು. ಹೊಸ ಕಂತಿನಲ್ಲಿ ನೌಕೆ ಒಂದು ಕಪ್ಪು ಮೋಡದೊಳಗೆ ನುಗ್ಗುತ್ತದೆ. ದೀಪಗಳು ಒಂದೊಂದಾಗಿ ಆರುತ್ತವೆ. ಪೈಲಟಜ್ಜಿಯ ಮುಖ ಹತ್ತಿರಕ್ಕೆ ಬಂತು, ಬಾಯಿ ತೆರೆಯಿತು, ಗೊರ್ರೆಂದು ಉಸಿರು ಬಂತು. ಹುಡುಗಿ ನೆಗಡಿಯನ್ನೂ ಬಿಟ್ಟಿರಲಿಲ್ಲ. ಮಗಳು ಓರೆಗಣ್ಣಿನಿಂದ ತಾಯಿಯನ್ನು ನೋಡಿದಳು. ತಾಯಿ ಮಡಿಲಲ್ಲಿ ಕೈ ಇಟ್ಟುಕೊಂಡು, ಪರದೆಯ ತುಟಿ ಆಡಿದಂತೆಲ್ಲ ತನ್ನ ತುಟಿಯನ್ನೂ ಆಡಿಸುತ್ತಿದ್ದಳು. ಕೊನೆಗೆ ನೌಕೆ ಮೋಡದಲ್ಲೇ ಉಳಿಯಿತು, ಮುಂದೇನು ಎಂದು ತಿಳಿಯದ ಜಾಗದಲ್ಲಿ ಕಂತು ಮುಗಿಯಿತು.

"ಹೇಗಿತ್ತು" ಎಂದು ಮಗಳು ಕೇಳಿದಳು.

"ಜನ ಏನಂತಾರೋ ನೋಡೋಣ" ಎಂದು ತಾಯಿ ಎದ್ದು ಹೋದಳು.

ಶನಿವಾರ ಮಗಳು ಅಂಗಡಿಗೆ ಹೊರಡುವ ಮುಂಚೆ ಅಭಿಮಾನಿಗಳ ಪುಟ ತೆರೆದು ಫೋನನ್ನು ತಾಯಿಯ ಕೈಗೆ ಕೊಟ್ಟು, ತಾನು ಹಳೆಯ ಫೋನು ತೆಗೆದುಕೊಂಡು ಹೋದಳು. ಅಡುಗೆಮನೆಯ ಮೇಜಿನ ಮುಂದೆ ಕುಳಿತು ತಾಯಿ ಓದಿದಳು. ಅಭಿಮಾನಿಗಳಿಗೆ ತಮ್ಮ ತಮ್ಮ ಹೆಸರು ಸಾಲದು, ಎಲ್ಲರೂ ಆಕಾಶದಿಂದ ಒಂದೊಂದು ಹೆಸರು ಎರವಲು ತಂದುಕೊಂಡಿದ್ದರು. 'ಮೂರನೇ ಚಂದ್ರ' ಎಂಬವನು ಆ ಮೋಡ ಮೋಡವೇ ಅಲ್ಲ, ಒಂದು ಪ್ರಾಣಿ ಎಂದು ನಲವತ್ತು ಸಾಲು ಬರೆದಿದ್ದ. 'ಉಲ್ಕಾರಾಣಿ' ಎಂಬವಳು ಮೋಡದಾಚೆ ಪೈಲಟಜ್ಜಿಯ ಕಳೆದುಹೋದ ತಂಗಿ ಸಿಗುತ್ತಾಳೆಂದು ಹೇಳಿ, ತಂಗಿಯ ಮಕ್ಕಳ ಹೆಸರನ್ನೂ ಯೋಚಿಸಿಟ್ಟಿದ್ದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದು ಅಂದರೆ ಇದೇ. ಕ್ಯಾಪ್ಟನ್ ಗಡ್ಡ ಬೋಳಿಸಿದ್ದಕ್ಕೆ ಮುನ್ನೂರು ಜನ ಬೈದಿದ್ದರು. ನೌಕೆಯ ಕಿಟಕಿ ಹಿಂದಿನ ಕಂತಿನಲ್ಲಿ ದುಂಡಗಿತ್ತು, ಈಗ ಚೌಕವಾಗಿದೆ ಎಂದು ಒಬ್ಬ ಪುಣ್ಯಾತ್ಮ ಗುರುತು ಹಾಕಿ ಚಿತ್ರ ಅಂಟಿಸಿದ್ದ. ಅಷ್ಟು ಕಣ್ಣಿದ್ದವರಲ್ಲಿ ಒಬ್ಬರಿಗೂ ಕಿವಿ ಇರಲಿಲ್ಲ.

ಅವಳು ಓದುತ್ತ ಹೋದಳು. ಒಲೆಯ ಮೇಲೆ ಇಟ್ಟ ನೀರು ಕುದಿದು ಬತ್ತಿತು. ಮಧ್ಯಾಹ್ನದ ಹೊತ್ತಿಗೆ ಒಂದು ಸಾಲು ಸಿಕ್ಕಿತು. 'ಗಾಳಿಯಿಲ್ಲದವನು' ಎಂಬವನು, "ಅಜ್ಜಿ ದನಿ ಈ ಸಲ ಏನೋ ಬೇರೆ ಅನ್ನಿಸ್ತಾ ಯಾರಿಗಾದ್ರೂ?" ಎಂದು ಕೇಳಿದ್ದ. ಎದ್ದು ನಿಂತು ಓದಿದಳು. ಕೆಳಗೆ ಏಳು ಉತ್ತರಗಳಿದ್ದವು. ಮೊದಲನೆಯವನು, "ಅದೇ ದನಿ ಕಣೋ, ನಿನ್ನ ಸ್ಪೀಕರ್ ರಿಪೇರಿಗೆ ತೋರಿಸು" ಎಂದಿದ್ದ. ಎರಡನೆಯವಳು, "ಬೇರೆ ಏನಲ್ಲ, ಅಜ್ಜಿ ಇನ್ನೂ ಚೆನ್ನಾಗಿ ಮಾತಾಡಿದ್ದಾಳೆ" ಎಂದಿದ್ದಳು. ಏಳನೆಯದು ಗಾಳಿಯಿಲ್ಲದವನದೇ: "ಹೌದು, ಸ್ಪೀಕರ್ ಹಾಳಾಗಿತ್ತು. ಕ್ಷಮಿಸಿ."

ಸಂಜೆ ಮನೆಗೆ ಬಂದ ಮಗಳು ಅದನ್ನು ಓದಿ ಕೆಂಡವಾದಳು. "ನಾಳೆ ನಾವೇ ಹಾಕೋಣ. ನಿನ್ನ ದನಿಯಲ್ಲೇ. ನಾನೇ ಆ ಅಜ್ಜಿ ಅಂತ ಹೇಳಿ, ಆ ಮಾತು ಆಡಿ ತೋರಿಸು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?"

ತಾಯಿ ಬೇಡ ಎಂದಳು, ಆಮೇಲೆ ನೋಡೋಣ ಎಂದಳು, ಮಲಗುವ ಮುಂಚೆ ತಾನಾಗಿಯೇ ಉಪ್ಪುನೀರು ಮುಕ್ಕಳಿಸಿದಳು.

ಭಾನುವಾರ ಬೆಳಿಗ್ಗೆ ಕಿಟಕಿಗಳನ್ನೆಲ್ಲ ಮುಚ್ಚಿ, ಗೋಡೆ ಗಡಿಯಾರವನ್ನು ಪಕ್ಕದ ಕೋಣೆಗೆ ಸಾಗಿಸಿ, ಬಟ್ಟೆ ಬೀರುವಿನ ಬಾಗಿಲು ತೆರೆದು, ಬಟ್ಟೆಗಳ ಎದುರು ನಿಂತು ಅವಳು ಮಾತಾಡಿದಳು. ಬಟ್ಟೆ ಇದ್ದರೆ ದನಿ ಗೋಡೆಗೆ ಬಡಿದು ವಾಪಸು ಬರುವುದಿಲ್ಲ ಎಂಬುದು ಆ ಕಸುಬಿನವರಿಗೆಲ್ಲ ಗೊತ್ತು. "ನಮಸ್ಕಾರ. ಹನ್ನೆರಡು ವರ್ಷ ಪೈಲಟಜ್ಜಿಗೆ ದನಿ ಕೊಟ್ಟವಳು ನಾನು" ಎಂದು ಹೇಳಿ, ಗೊರ್ರೆಂದು ಉಸಿರೆಳೆದಳು. ಕೆಮ್ಮು ಬಂತು. ಮತ್ತೆ ಮಾಡಿದಳು, ಮತ್ತೆ ಕೆಮ್ಮು. ಅಷ್ಟು ಗಾಳಿಯನ್ನು ಒಮ್ಮೆಗೇ ಎಳೆಯಲು ಆ ಗಂಟಲು ಈಗ ಒಪ್ಪುತ್ತಿರಲಿಲ್ಲ. ಐದನೇ ಸಲ ಆ ಉಸಿರನ್ನು ಕೈಬಿಟ್ಟು, ಮಾತನ್ನಷ್ಟೇ ಹೇಳಿದಳು. ಚೊಕ್ಕವಾಗಿ ಬಂತು. ಹತ್ತು ಸೆಕೆಂಡಿನ ಆ ದನಿಗೆ ಮಗಳು ತಾಯಿಯ ಪೂರ್ತಿ ಹೆಸರು ಬರೆದು, ಅಭಿಮಾನಿಗಳ ಪುಟಕ್ಕೆ ಹಾಕಿದಳು.

ಊಟದ ಹೊತ್ತಿಗೆ ಇನ್ನೂರು ಜನ ಕೇಳಿದ್ದರು. ಬೈಗುಳ ಒಂದೂ ಇರಲಿಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು, ಇವರು ಪ್ರೀತಿಯಿಂದ ಕೊಂದರು. ಒಬ್ಬಳು, "ಈ ವಯಸ್ಸಲ್ಲೂ ಇಂಥ ಉತ್ಸಾಹ, ಎಷ್ಟು ಮುದ್ದಾಗಿದ್ದಾರೆ" ಎಂದಿದ್ದಳು. ಇನ್ನೊಬ್ಬ, "ಮಿಮಿಕ್ರಿ ಪರವಾಗಿಲ್ಲ. ನಮ್ಮ ಅಜ್ಜಿಯ ಹತ್ತಿರಕ್ಕೂ ಬರಲ್ಲ ಬಿಡಿ" ಎಂದಿದ್ದ. ಎಲ್ಲಕ್ಕಿಂತ ಮೇಲೆ, ನೂರ ಹನ್ನೊಂದು ಜನರ ಮೆಚ್ಚುಗೆಯೊಂದಿಗೆ ಮೂರನೇ ಚಂದ್ರ ಕುಳಿತಿದ್ದ: "ಆಂಟಿ, ಒಂದು ಸಲಹೆ. ಅಜ್ಜಿ ಆ ಮಾತಿಗೆ ಮೊದಲು ಉಸಿರು ಎಳ್ಕೊಳ್ತಾಳೆ. ನಿಜವಾದ ಅಭಿಮಾನಿಗಳಿಗೆ ಮಾತ್ರ ಗೊತ್ತಿರೋ ವಿಷಯ ಅದು. ಹೊಸ ಕಂತು ಹತ್ತು ಸಲ ಕೇಳಿ, ಅಭ್ಯಾಸ ಮಾಡಿ. ಬರುತ್ತೆ."

"ಇವನಿಗೆ ನಾನು ಬರೀತೀನಿ ನೋಡು" ಎಂದು ಮಗಳು ಟೈಪ್ ಮಾಡತೊಡಗಿದಳು.

ತಾಯಿ ಅವಳ ಕೈ ಹಿಡಿದಳು. "ಬರಿ. ಅದಕ್ಕೆ ಮುಂಚೆ ಹಳೇ ಕಂತು ಯಾವುದಾದ್ರೂ ಒಂದು ಹಾಕು. ಆಮೇಲೆ ಶುಕ್ರವಾರದ್ದು. ಆಮೇಲೆ ನಾವು ಬೆಳಿಗ್ಗೆ ಮಾಡಿದ್ದು."

ಮೂರನ್ನೂ ಕೇಳಿದರು. ಅದೇ ಮಾತು ಮೂರು ಸಲ.

"ಮೊದಲನೇದು ಅಜ್ಜಿ. ಉಳಿದ ಎರಡರಲ್ಲಿ ಅಜ್ಜಿ ಯಾರು?" ಎಂದು ತಾಯಿ ಕೇಳಿದಳು.

"ನಿನ್ನ ದನಿ ನಂಗೆ ಗೊತ್ತಾಗಲ್ವಾ ಅಮ್ಮ?"

"ನನ್ನ ದನಿ ಯಾವ್ದು ಅಂತ ಕೇಳ್ಲಿಲ್ಲ ಕಣೇ. ಅಜ್ಜಿ ಯಾರು?"

ಮಗಳು ಕಣ್ಣಿಗೆ ಯಾವ ಗಾಜು ಹೊಂದುತ್ತದೆ, ಇದೋ ಅದೋ ಎಂದು ದಿನವಿಡೀ ಜನರನ್ನು ಕೇಳುವವಳು. ಸುಳ್ಳು ಹೇಳಿದರೆ ಯಾರಿಗೂ ಉಪಯೋಗವಿಲ್ಲವೆಂದು ಅವಳೇ ಅವರಿಗೆಲ್ಲ ಹೇಳುತ್ತಿದ್ದಳು. ಅವಳು ಫೋನನ್ನು ಬೋರಲು ಹಾಕಿದಳು.

"ಅವಳು" ಎಂದಳು. ಹೇಳಿದ ಮೇಲೆ ಅತ್ತಳು.

"ಹೂಂ" ಎಂದು ತಾಯಿ ತಲೆಯಾಡಿಸಿದಳು. ಶುಕ್ರವಾರ ಸಂಜೆ ಮೊದಲ ಸಾಲಿಗೇ ಅವಳಿಗೆ ಗೊತ್ತಾಗಿತ್ತು. ಹನ್ನೆರಡು ವರ್ಷ ಒಂದು ಕೆಲಸ ಮಾಡಿದವಳಿಗೆ ಅಷ್ಟು ತಿಳಿಯದೆ ಇರುತ್ತದೆಯೇ. ಆ ಉತ್ತರ ಬೇಡವಾಗಿತ್ತು, ಅದಕ್ಕೇ ಎರಡು ದಿನ ಜನರ ಬಾಯಲ್ಲಿ ಬೇರೊಂದನ್ನು ಹುಡುಕಿದ್ದಳು. ಮಗಳ ಬೆನ್ನು ಸವರುತ್ತ, "ಅಳಬೇಡ. ಹುಡುಗಿ ಚೆನ್ನಾಗಿ ಮಾಡಿದ್ದಾಳೆ" ಎಂದಳು. ದನಿ ಆ ಎರಡು ಮಾತಿಗೇ ಒಡೆದು, ಕೊನೆಯದು ಸರಿಯಾಗಿ ಕೇಳಿಸಲಿಲ್ಲ.

"ನಾಳೆ ಅವರು ಫೋನ್ ಮಾಡಬಹುದು, ಅಲ್ವಾ" ಎಂದು ಮಗಳು ಕಣ್ಣೊರೆಸಿಕೊಂಡಳು.

"ಯಾಕೆ ಮಾಡ್ತಾನೆ?"

ಮಗಳು ಬೋರಲು ಹಾಕಿದ್ದ ಫೋನನ್ನು ಮತ್ತೆ ಎತ್ತಿಕೊಂಡಳು.

"ಬೆಳಿಗ್ಗೆ ಹಾಕಿದ್ದನ್ನ ತೆಗೆದುಬಿಡು" ಎಂದಳು ತಾಯಿ. "ಪಾಪ, ಆ ಹುಡುಗಿ ನೋಡಿದ್ರೆ ಬೇಜಾರು ಮಾಡ್ಕೊಳ್ತಾಳೆ."

ಮಗಳು ಒಂದು ಸಲ ತಾಯಿಯ ಮುಖ ನೋಡಿ, ಅಳಿಸಿದಳು. ಮೂರನೇ ಚಂದ್ರನ ಸಲಹೆ, ನೂರ ಹನ್ನೊಂದು ಮೆಚ್ಚುಗೆ, ಹತ್ತು ಸೆಕೆಂಡಿನ ಮಾತು, ಎಲ್ಲವೂ ಒಟ್ಟಿಗೆ ಹೋದವು. ತಾಯಿಯ ಹೆಸರಿನ ಜೊತೆ ಅವಳ ದನಿ ಕೇಳಿಸುವಂಥದ್ದು ಈ ಲೋಕದಲ್ಲಿ ಅದೊಂದೇ ಇತ್ತು.