ಬಸ್ ನಿಲ್ದಾಣದ ಪೆಂಗ್ವಿನ್

ಮೊನ್ನೆ ಚಳ್ಳಕೆರೆ ಬಸ್ಸಿಗೆ ಕಾಯುತ್ತಾ ಮೊಳಕಾಲ್ಮೂರಿನ ನಿಲ್ದಾಣದಲ್ಲಿ ಕೂತಿದ್ದೆ. ಪಕ್ಕದಲ್ಲಿ ಅದೇ ಕಸದ ಡಬ್ಬಿ, ಬಾಯಿ ತೆರೆದು ನಿಂತ ಪೆಂಗ್ವಿನ್. ಬಣ್ಣ ಹೋಗಿ, ಕೊಕ್ಕು ಅರ್ಧ ಮುರಿದಿದೆ. ಈ ಸುಡುಗಾಡು ಬಿಸಿಲಿನ ಊರಿಗೆ ಪೆಂಗ್ವಿನ್ನೇ ಬೇಕಿತ್ತಾ ಇವರಿಗೆ! ನೋಡುತ್ತಿದ್ದಂತೆ ಮಗ್ಗದಕ್ಕ ನೆನಪಾದಳು…

ನಮ್ಮ ಪಕ್ಕದ ಮನೆಯವಳು. ಗಂಡನ ಜೊತೆ ರೇಷ್ಮೆ ಸೀರೆ ನೇಯುತ್ತಿದ್ದಳು, ಹಾಗಾಗಿ ನಮಗೆಲ್ಲ ಮಗ್ಗದಕ್ಕ. ತವರು ರಾಜ್ಯದ ಗಡಿಯಾಚೆ, ರಾಯದುರ್ಗದ ಹತ್ತಿರ. ಮೆಚ್ಚಿದವನನ್ನು ಕಟ್ಟಿಕೊಂಡು ಬಂದಳೆಂದು ಅಣ್ಣಂದಿರು ಮಾತು ಬಿಟ್ಟಿದ್ದರು. ಅವಳು ಹೊಸಿಲು ತುಳಿದರೆ ಅವ್ವನನ್ನೂ ಆಚೆ ಹಾಕುತ್ತೇವೆ ಎಂದಿದ್ದರು. ಫೋನು ಮಾಡಿದರೆ ಮುದುಕಿಯ ಕೈಗೆ ಕೊಡುತ್ತಿರಲಿಲ್ಲ. ಆದರೂ ಅಮಾವಾಸ್ಯೆಗೆ ಮಗ್ಗ ನಿಲ್ಲಿಸಿದ ದಿನ ಒಳ್ಳೆ ಸೀರೆ ಉಟ್ಟು ಇಲ್ಲಿಗೆ ಬರುತ್ತಿದ್ದಳು. ರಾಯದುರ್ಗದ ಬಸ್ಸು ಹೊರಟುಹೋಗುವುದನ್ನು ನೋಡಿ, ಮನೆಗೆ ಮರಳುತ್ತಿದ್ದಳು.

ಒಮ್ಮೆ ನಾನೂ ಜೊತೆಗಿದ್ದೆ.

"ಇದ್ಯಾವ ಹಕ್ಕಿ ಕಣೇ?" ಎಂದಳು.

ಮಗಳ ಪಾಠ ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು. ದಕ್ಷಿಣದ ತಣ್ಣನೆ ಕಡಲಿನಲ್ಲೇ ಇದರ ಕುಲ ಹುಟ್ಟಿದ್ದು, ಹಾರಲು ಬರುವುದಿಲ್ಲ, ಉತ್ತರದ ಹಿಮಕ್ಕೆ ಹೋಗಬೇಕೆಂದರೆ ಭೂಮಿಯ ನಡುವಿನ ಬಿಸಿ ಕಡಲು ದಾಟಬೇಕು, ಅಲ್ಲಿ ಇದರ ಹೊಟ್ಟೆಗೂ ಸಾಲದು ಎಂದೆ. ಒಂದು ಜಾತಿಯದು ಮಾತ್ರ ತಣ್ಣೀರಿನ ಪ್ರವಾಹ ಹಿಡಿದು ಸಮಭಾಜಕ ವೃತ್ತದವರೆಗೂ ಬಂದು, ಅಲ್ಲೇ ಉಳಿದಿದೆಯಂತೆ.

ಮಗ್ಗದಕ್ಕ ನಕ್ಕಳು. "ನನ್ನಂಗೆ ಬಸ್ಟ್ಯಾಂಡ್‌ತನಕ ಬಂದೈತೆ ಅನ್ನು!"

ಮತ್ತೆ ತಾನೇ ಹೇಳಿದಳು: "ಆ ಕಡೆನೂ ಹಿಮ ಐತೆ ಅಂತ ಅದಕ್ಕೆ ಗೊತ್ತಿಲ್ಲ ಬಿಡು. ಗೊತ್ತಿದ್ದೂ ಕೂತಿರೋದು ಕಷ್ಟ."

ಕಡಲೆಕಾಯಿ ಕೊಂಡು ಇಬ್ಬರೂ ತಿಂದೆವು.

ಮುಂದಿನ ಬೇಸಿಗೆಯಲ್ಲಿ ಅವಳಿಗೆ ಕಾಮಾಲೆಯಾಯಿತು. ತಿಂಗಳು ತುಂಬುವುದರೊಳಗೆ ಹೋಗಿಬಿಟ್ಟಳು, ಪಾಪಿ… ಇನ್ನೂ ಹೆಣ ಎತ್ತಿರಲಿಲ್ಲ. ಬಾಗಿಲಲ್ಲಿ ಆಟೋ ನಿಂತಿತು. ಬರಿಗಾಲಿನ ಮುದುಕಿಯೊಬ್ಬಳು ಇಳಿದು ಬಂದು ಅವಳ ಪಾದ ಹಿಡಿದು ಕುಸಿದಳು. ಅವ್ವ. ಯಾರಿಂದಲೋ ಸುದ್ದಿ ತಿಳಿದು, ಗಂಡುಮಕ್ಕಳಿಗೆ ಹೇಳದೆ ಬಂದಿದ್ದಳು.

"ನಾನೂ ಬಸ್ಟ್ಯಾಂಡ್‌ತನಕ ಬರ್ತಿದ್ನಲ್ಲೇ ಬಿಡ್ಡಾ… ಆ ಕಡೆ ಬಸ್ಟ್ಯಾಂಡ್‌ತನಕ. ನಾನು ಇಲ್ಲಿಗೆ ಬಂದ್ರೆ ನಿನ್ನ ಗಂಡನ ಕೈಕಾಲು ಮುರೀತೀವಿ ಅಂದಿದ್ರು…"

ಆ ಅಣ್ಣಂದಿರಿಗೆ ನಾನು ಇವತ್ತಿಗೂ ಶಾಪ ಹಾಕುತ್ತೇನೆ.

ಮೊನ್ನೆ ರಾಯದುರ್ಗದ ಬಸ್ಸು ಬಂದು ನಿಂತಿತು. ಕಂಡಕ್ಟರ್ ನನ್ನತ್ತ ನೋಡಿ, "ಬರ್ತೀರೇನಮ್ಮಾ?" ಎಂದ. ಇಲ್ಲವೆಂದು ತಲೆಯಾಡಿಸಿದೆ. ಮಗ್ಗದಕ್ಕನೂ ಹೀಗೇ ತಲೆಯಾಡಿಸುತ್ತಿದ್ದಳು… ಬಸ್ಸು ಹೊರಟಿತು. ಒಳಗೆ ಅರ್ಧಕ್ಕರ್ಧ ಸೀಟು ಖಾಲಿಯಿದ್ದವು.