ಬೊರಿವಲಿಯ ಅರ್ಧ ಲೋಟ ಜೇನು

ಮುಂಬಯಿಯ ಅಂಚಿನ ಬೊರಿವಲಿಯಲ್ಲಿ ನಮ್ಮ ಮನೆಯ ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿಗೂ ನುಗ್ಗೆಯ ಮರಕ್ಕೂ ನಡುವೆ, ಒಂದು ಜೇನುಪೆಟ್ಟಿಗೆ ನಿಂತಿತ್ತು. ಇರುವೆ ಹತ್ತದಿರಲೆಂದು ಅದರ ಕಾಲುಗಳನ್ನು ನೀರು ತುಂಬಿದ ಹಳೆಯ ವನಸ್ಪತಿ ಡಬ್ಬಿಗಳಲ್ಲಿ ಇಳಿಸಿದ್ದೆ. ದೂರದಿಂದ ನೋಡಿದವರಿಗೆ ಯಾರೋ ಹಿರಿಯರು ಬಿಸಿಲಲ್ಲಿ ನಡೆದು ಬಂದು, ದಣಿದ ಕಾಲನ್ನು ನೀರಲ್ಲಿಟ್ಟು ಸುಮ್ಮನೆ ಕುಳಿತಂತೆ ಕಾಣುತ್ತಿತ್ತು. ಬೆಳಿಗ್ಗೆ ಹಲ್ಲುಜ್ಜುತ್ತ ಅದರ ಪಕ್ಕ ನಿಂತು, ಹುಳುಗಳು ಹೊರಡುವ ಸಂಭ್ರಮವನ್ನು ನೋಡುವುದು ನನ್ನ ನಿತ್ಯವಿಧಿ. ನನ್ನ ಹಾಗೆಯೇ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೊರಡುವ ಜೀವಿಗಳು ಅವು; ವ್ಯತ್ಯಾಸವೆಂದರೆ ಅವಕ್ಕೆ ಲೋಕಲ್ ಗಾಡಿಯ ಪಾಸು ಬೇಡ, ಚರ್ಚ್‌ಗೇಟಿನವರೆಗೆ ಒಂಟಿ ಕಾಲಿನ ತಪಸ್ಸು ಬೇಡ, ಕಚೇರಿಯಲ್ಲಿ ದೊಡ್ಡ ಸಾಹೇಬರ ಗಂಟುಮುಖದ ದರ್ಶನವಂತೂ ಬೇಡವೇ ಬೇಡ. ಅವುಗಳ ಒಡತಿ ಮನೆಯಲ್ಲೇ ಇರುತ್ತಾಳೆ. ಆ ಒಂದು ವಿಷಯದಲ್ಲಿ ಮಾತ್ರ ನನ್ನದೂ ಅವುಗಳದೂ ಒಂದೇ ಪಾಡು.

ಒಡತಿಯ ಮಾತು ಬಂತಾದ್ದರಿಂದ ನಿಮ್ಮಲ್ಲಿ ಮುಚ್ಚಿಡದೆ ಹೇಳಿಬಿಡುತ್ತೇನೆ. ನನ್ನ ಹೆಂಡತಿ ಸುಶೀಲೆಗೆ ಬೊರಿವಲಿ ಸೇರಿರಲಿಲ್ಲ. ನಾವು ವಿಜಾಪುರದವರು. ಮದುವೆಯಾದ ಹೊಸತರಲ್ಲಿ ಗ್ರಾಂಟ್ ರೋಡಿನ ಚಾಳೊಂದರಲ್ಲಿ ಒಂದೇ ಖೋಲಿಯ ಸಂಸಾರ ಹೂಡಿದ್ದೆವು. ಅಲ್ಲಿ ಆಚೆಮನೆಯ ಒಗ್ಗರಣೆಗೆ ಈಚೆಮನೆಯವರು ಸೀನುತ್ತಿದ್ದರು; ಒಬ್ಬರ ಕಷ್ಟಕ್ಕೆ ಇಡೀ ಮಾಳಿಗೆ ಏಳುತ್ತಿತ್ತು; ಗ್ಯಾಲರಿಯಲ್ಲಿ ಅಕ್ಕಿ ಆರಿಸುತ್ತ ಕುಳಿತರೆ ಸಾಕು, ಲೋಕವಾರ್ತೆಯೆಲ್ಲ ಕಾಲ ಬಳಿಗೆ ಬರುತ್ತಿತ್ತು. ಆ ಗದ್ದಲ ನನಗೆ ಆಗಿಬರಲಿಲ್ಲ. ಗಾಳಿ, ಬೆಳಕು, ಗಿಡಮರ ಎಂದು ದೊಡ್ಡ ದೊಡ್ಡ ಮಾತಾಡಿ ಅವಳನ್ನು ಬೊರಿವಲಿಗೆ ಕರೆತಂದೆ. ಬಂದ ಮೊದಲ ವಾರವೇ ಅವಳು, ಹಗಲೆಲ್ಲ ಇಲ್ಲಿ ಗಿಡಗಳ ಜೊತೆ ಮಾತಾಡಿಕೊಂಡಿರಬೇಕೇ ಎಂದು ಕೇಳಿದ್ದಳು. ಸಂಜೆ ಗಾಡಿ ಇಳಿದು ಬಂದಾಗ ಅವಳು ಬಾಗಿಲಲ್ಲೇ ನಿಂತಿರುತ್ತಿದ್ದಳು. ಆ ನಿಲುವನ್ನು ಕಂಡರೆ ನನಗೆ ಸಂಕಟವಾಗುತ್ತಿತ್ತು, ಆದರೂ ಹಟ ಬಿಡುತ್ತಿರಲಿಲ್ಲ.

ಈ ನಡುವೆ ಅನಂತರಾಯರು ಒಂದು ಸುದ್ದಿ ಕೊಟ್ಟರು. ಉಡುಪಿಯ ಕಡೆಯ ಈ ರಾಯರು ಗ್ರಾಂಟ್ ರೋಡಿನಲ್ಲಿ ಹೋಟೆಲು ನಡೆಸುವವರು, ನಮ್ಮ ಹಳೆಯ ಸ್ನೇಹಿತರು. ಅವರ ಹೋಟೆಲಿನ ಬಿಲ್ಡಿಂಗಿನಲ್ಲೇ ಒಂದು ಖೋಲಿ ಮಳೆಗಾಲಕ್ಕೆ ಮುಂಚೆ ತೆರವಾಗುವುದಿತ್ತು. ಬೇಕಾದರೆ ನಮಗಾಗಿ ಹಿಡಿದಿಡುತ್ತೇನೆ ಎಂದರು. ಸುಶೀಲೆಯ ಮುಖ ಅರಳಿತು, ನನ್ನದು ಬಾಡಿತು. ಕೆಲವು ದಿನ ಮನೆಯಲ್ಲಿ ಮಾತಿಗಿಂತ ಪಾತ್ರೆಗಳ ಸದ್ದೇ ಹೆಚ್ಚಾಯಿತು. ಕೊನೆಗೆ ಅವಳೇ ಒಂದು ತೀರ್ಮಾನದ ದಾರಿ ಹುಡುಕಿದಳು.

"ಹೂವು ಹೂವು ಅಂತ ಬಡಕೋತೀರಲ್ಲ, ಈ ಸಲ ಜೇನು ಅಳಿಯೂ ದಿನ ನೋಡೂಣು. ಬೊರಿವಲಿ ಗೆದ್ದರ ಇಲ್ಲೇ ಇರೂಣು. ಸೋತರ ಖೋಲಿ."

ಜೇನು ಅಳೆಯುವ ದಿನವೆಂದರೇನೆಂದು ನಿಮಗೆ ಹೇಳಬೇಕು. ಒಂದು ಗ್ರಾಮೋದ್ಯೋಗದ ಪ್ರದರ್ಶನದಲ್ಲಿ ಪೆಟ್ಟಿಗೆಯೊಳಗೆ ತುಡುವೆ ಜೇನು ಸಾಕುವುದನ್ನು ಕಂಡು ಮರುಳಾದವರು ನಾವು ಮೂವರು: ನಾನು, ಅನಂತರಾಯರು, ಮತ್ತೆ ಆಂಟಾಪ್ ಹಿಲ್ಲಿನ ಕುಲಕರ್ಣಿ. ಕುಲಕರ್ಣಿ ಧಾರವಾಡದವನು, ಸರಕಾರಿ ಕಾರಕೂನ; ನೆಲ ಅಂತಸ್ತಿನ ಕ್ವಾರ್ಟರ್ಸಿನ ಹಿಂದೆ ಅಂಗೈಯಗಲದ ಜಾಗದಲ್ಲಿ ಪೆಟ್ಟಿಗೆ ಇಟ್ಟವನು. ರಾಯರ ಪೆಟ್ಟಿಗೆ ಹೋಟೆಲಿನ ಗಚ್ಚಿಯ ಮೇಲೆ, ಅಂದರೆ ತಾರಸಿಯಲ್ಲಿ, ಹಪ್ಪಳ ಒಣಗಿಸುವ ಮಂಚದ ಪಕ್ಕದಲ್ಲಿ. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು, ಒಂದೇ ವಾರದಲ್ಲಿ ಮೂವರೂ ಜೇನು ತೆಗೆದು, ಒಂದು ಭಾನುವಾರ ಮಧ್ಯಾಹ್ನ ಊಟದ ಗದ್ದಲ ಇಳಿದ ಮೇಲೆ ರಾಯರ ಹೋಟೆಲಿನಲ್ಲಿ ಸೇರುತ್ತಿದ್ದೆವು. ಹೋಟೆಲಿನ ಕಾಫಿ ಲೋಟವೇ ಅಳತೆ; ಹೆಚ್ಚು ಲೋಟ ತುಂಬಿಸಿದವನು ಗೆದ್ದ. ಅಳೆದದ್ದಾದ ಮೇಲೆ ಎಲ್ಲರ ಜೇನನ್ನೂ ನೀರುದೋಸೆಯ ಮೇಲೆ ಸುರಿದುಕೊಂಡು ತಿನ್ನುವುದು. ತಿನ್ನುವಾಗ ತನ್ನದನ್ನು ಹೊಗಳುವುದು, ಇನ್ನೊಬ್ಬನದನ್ನು ತೆಗಳುವುದು. ಆಂಟಾಪ್ ಹಿಲ್ಲಿನ ಜೇನಿಗೆ ಅಲ್ಲೇ ಪಕ್ಕದ ಉಪ್ಪಿನಾಗರದ ರುಚಿ ಉಂಟೆಂದು ರಾಯರು ಪ್ರತಿ ವರ್ಷವೂ ಹೇಳುವರು. ಕುಲಕರ್ಣಿ ಪ್ರತಿ ವರ್ಷವೂ ಸಿಟ್ಟಾಗುವನು.

ಹೋಲಿಕೆಯ ಚಟ ಮುಂಬಯಿಯ ನೀರಲ್ಲೇ ಇದೆಯೋ ಏನೋ. ಇಲ್ಲಿ ಇಬ್ಬರು ಭೇಟಿಯಾದರೆ ಯೋಗಕ್ಷೇಮಕ್ಕಿಂತ ಮೊದಲು, ನಿಮ್ಮಲ್ಲಿ ನಲ್ಲಿ ಎಷ್ಟು ಹೊತ್ತು ಬರುತ್ತದೆ, ಸ್ಟೇಷನ್ ಎಷ್ಟು ದೂರ, ಕಿಟಕಿ ಯಾವ ದಿಕ್ಕಿಗೆ ಎಂದು ವಿಚಾರಿಸುತ್ತಾರೆ. ಬೇರೆ ಬೇರೆ ಊರು ಬಿಟ್ಟು ಬಂದವರು ಹೀಗೆ ಒಬ್ಬರ ಬದುಕಿನ ಪಕ್ಕದಲ್ಲಿ ಇನ್ನೊಬ್ಬರ ಬದುಕನ್ನು ಇಟ್ಟು ನೋಡಿಕೊಂಡೇ ತಾವು ಬಂದದ್ದು ಸರಿಯೋ ತಪ್ಪೋ ಎಂದು ತಿಳಿಯಬೇಕು; ಬೇರೆ ತಕ್ಕಡಿ ನಮ್ಮಲ್ಲಿಲ್ಲ. ನಾನಂತೂ ನನ್ನ ವಲಸೆಯ ನ್ಯಾಯಾನ್ಯಾಯವನ್ನು ಮೂಕ ಹುಳುಗಳ ಮೇಲೆ ಹೊರಿಸಿದ್ದೆ. ಆದರೆ ಗೆಲುವಿನ ಬಗ್ಗೆ ನನಗೆ ಅನುಮಾನವಿರಲಿಲ್ಲ. ಗ್ರಾಂಟ್ ರೋಡಿನಲ್ಲಿ ಹೂವೆಂದರೆ ಹೂವಾಡಗಿತ್ತಿಯ ಬುಟ್ಟಿಯಲ್ಲಿರುವುದಷ್ಟೇ. ನಮ್ಮಲ್ಲಿಯೋ, ನೇರಳೆ, ಹೊಂಗೆ, ಹುಣಸೆ, ಮಾವು, ಬೇಲಿಯ ತುಂಬ ಹೆಸರಿಲ್ಲದ ಕಾಡುಬಳ್ಳಿ, ಅದರಾಚೆ ಗುಡ್ಡದ ಅಡವಿ.

ಆ ಬೇಸಿಗೆ ನಮ್ಮ ಪೆಟ್ಟಿಗೆ ನಿಜಕ್ಕೂ ತುಂಬಿತು. ಹಗಲು ಡಬ್ಬಿಗಳಿಗೆ ನೀರು ತುಂಬುವುದು ಸುಶೀಲೆಯ ಪಾಲಿಗೆ ಬಂದಿತ್ತು. ನಾನು ಕಚೇರಿಯಲ್ಲಿರುವಾಗ ಇನ್ಯಾರಿದ್ದಾರೆ? ಯಾವ ಮರ ಹೂ ಬಿಟ್ಟಿತು, ಹುಳುಗಳು ಯಾವ ಕಡೆಯಿಂದ ಹಳದಿ ಕಾಲು ಮಾಡಿಕೊಂಡು ಬಂದವು ಎಂಬ ವರದಿ ರಾತ್ರಿ ಊಟಕ್ಕೆ ಕುಳಿತಾಗ ಸಿಗುತ್ತಿತ್ತು. ಪಕ್ಕದ ವಾಡಿಯ ಮರಾಠಿ ಅಜ್ಜಿಯೊಬ್ಬಳು ಮೊಮ್ಮಗಳ ಕೆಮ್ಮಿಗೆಂದು ಒಂದು ಚಮಚ ಜೇನು ಕೇಳಿಕೊಂಡು ಬಂದವಳು, ಆಮೇಲೆ ಕೆಮ್ಮಿಲ್ಲದಿದ್ದರೂ ಬರತೊಡಗಿ, ದೀಪ ಹಚ್ಚುವ ಹೊತ್ತಿನವರೆಗೆ ಕಲ್ಲಿನ ಮೇಲೆ ಕೂತಿರುತ್ತಿದ್ದಳಂತೆ. ಇದನ್ನೆಲ್ಲ ನಾನು ಅರ್ಧ ಕಿವಿಯಿಂದ ಕೇಳಿದೆ. ನನ್ನ ಮನಸ್ಸೆಲ್ಲ ಲೋಟಗಳ ಲೆಕ್ಕದಲ್ಲಿತ್ತು.

ಜೇನು ತೆಗೆಯುವ ದಿನ ಬಂತು. ಮುಖಕ್ಕೆ ಸೊಳ್ಳೆಪರದೆಯ ತುಂಡು ಕಟ್ಟಿಕೊಂಡು, ಗೋಣಿಚೀಲದ ಚೂರಿಗೆ ಕಿಡಿ ತಾಗಿಸಿ ಹೊಗೆ ಹಾಕುತ್ತ, ಒಂದೊಂದೇ ಜೇನಿನ ಎರಿ ಎತ್ತತೊಡಗಿದೆ. ಒಂದು ಎತ್ತಿದ್ದೆನೋ ಇಲ್ಲವೋ, ಹಿಂದೆ ನಿಂತಿದ್ದ ಸುಶೀಲೆ ಸಾಕು ಎಂದಳು. ಉಳಿದದ್ದು ಹಾಗೇ ಇರಲಿ ಎಂದಳು. ನಾನು ವಾದಿಸಿದೆ, ಬೇಡಿದೆ, ಒಮ್ಮೆ ಗದರಿಯೂ ನೋಡಿದೆ. ಅವಳು ಪೆಟ್ಟಿಗೆಯ ಮುಚ್ಚಳವನ್ನೇ ಎತ್ತಿ ಮುಚ್ಚಿಬಿಟ್ಟಳು. ಗದರಿದ್ದಕ್ಕೋ ಏನೋ, ಕಾರಣವನ್ನೂ ಹೇಳದೆ ಡಬ್ಬಿಗಳಿಗೆ ನೀರು ತರಲು ಹೋದಳು. ನನಗೆ ಎಲ್ಲ ಸ್ಪಷ್ಟವಾಯಿತು: ಪಂಥ ಕಟ್ಟಿದವಳೇ ಬೊರಿವಲಿಯನ್ನು ಸೋಲಿಸಲು ಹೊರಟಿದ್ದಾಳೆ, ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಅಷ್ಟೊಂದು ಮನಸ್ಸಾಗಿದೆಯೇ ಆ ಖೋಲಿಯ ಮೇಲೆ, ಎಂದು ಎದೆ ಭಾರವಾಯಿತು.

ಭಾನುವಾರ ಪುಟ್ಟದೊಂದು ಬಾಟಲಿ ಹಿಡಿದು ಗಾಡಿ ಹತ್ತಿದೆವು. ದಾರಿಯುದ್ದಕ್ಕೂ ಅವಳು ಕಿಟಕಿಯಾಚೆ ನೋಡುತ್ತಿದ್ದಳು, ನಾನು ಬಾಟಲಿ ನೋಡುತ್ತಿದ್ದೆ. ಹೋಟೆಲಿನಲ್ಲಿ ರಾಯರು ಮದುವೆಮನೆಯ ಯಜಮಾನನ ಗತ್ತಿನಲ್ಲಿ ಓಡಾಡುತ್ತಿದ್ದರು. ಅವರದು ಒಂದು ದೊಡ್ಡ ತಪ್ಪಲೆ. ಅಳೆದಷ್ಟೂ ಮುಗಿಯದು, ಲೋಟಗಳೇ ಸಾಲದಾದವು. ಕುಲಕರ್ಣಿಯದೂ ಕಡಿಮೆಯೇನಲ್ಲ. ಅವನ ಕಾಲನಿಯಲ್ಲಿ ದಕ್ಷಿಣದಿಂದ ಬಂದ ಮನೆಮನೆಯವರೂ ಒಂದು ಕರಿಬೇವು, ಒಂದು ನುಗ್ಗೆ, ಬಾಗಿಲಿಗೊಂದು ತುಳಸಿ ಬೆಳೆಸಿದ್ದರು. ಅಡವಿಯಲ್ಲಿ ಸಿಗದದ್ದು ಅವನ ಹುಳುಗಳಿಗೆ ಅಡುಗೆಮನೆಗಳ ಹಿಂದೆ ಸಿಕ್ಕಿತ್ತು. ನಮ್ಮದು ಅರ್ಧ ಲೋಟ.

ದೋಸೆ ಬಂದವು. ಸುಶೀಲೆ ರಾಯರ ಜೇನನ್ನು ನಾಲಿಗೆಗೆ ಹಚ್ಚಿ, ಕಣ್ಣು ಮುಚ್ಚಿ, ಇದರಲ್ಲಿ ಯಾಲಕ್ಕಿಯ ವಾಸನೆ ಇದೆ ಎಂದಳು. ನಾವೂ ರುಚಿ ನೋಡಿದೆವು. ಯಾಲಕ್ಕಿ ಮಾತ್ರವಲ್ಲ, ಕೇಸರಿಯೂ ಇತ್ತು. ಎಲ್ಲರೂ ಗಚ್ಚಿಗೆ ಹತ್ತಿ ಬಗ್ಗಿ ನೋಡಿದರೆ, ಪಕ್ಕದ ಮಿಠಾಯಿ ಅಂಗಡಿಯ ಹಿಂದೆ ಜಿಲೇಬಿಯ ಪಾಕದ ಪರಾತಗಳು ಆರಲಿಟ್ಟಿವೆ, ರಾಯರ ಹುಳುಗಳು ಅಂಚಿನ ಸುತ್ತ ಪಂಕ್ತಿ ಹಿಡಿದು ಕೂತಿವೆ! ಹೂವು ಹುಡುಕುವ ಗೋಜಿಲ್ಲ; ಹೋಟೆಲಿನವರ ಮನೆಯ ಹುಳುಗಳು ಹೊರಗಡೆ ಊಟಕ್ಕೆ ಹೋಗುತ್ತಿದ್ದವು. ಕುಲಕರ್ಣಿ ನಕ್ಕು ನಕ್ಕು ಗೋಡೆ ಹಿಡಿದ. ಹುಳು ತಂದದ್ದೆಲ್ಲ ಜೇನೇ ಎಂದು ರಾಯರು ಬಹಳ ಹೊತ್ತು ವಾದಿಸಿ, ಕೊನೆಗೆ ತಾವೂ ನಕ್ಕರು. ಗೆಲುವು ಆಂಟಾಪ್ ಹಿಲ್ಲಿಗೆ ಹೋಯಿತು. ಅದರಿಂದ ನನಗೇನೂ ಲಾಭವಾಗಲಿಲ್ಲ. ಬೊರಿವಲಿ ಹೇಗೆ ಅಳೆದರೂ ಕೊನೆಯದೇ.

ಕೆಳಗಿಳಿದು ಬಂದ ಮೇಲೆ ರಾಯರು ಗಲ್ಲಾಪೆಟ್ಟಿಗೆಯಿಂದ ಖೋಲಿಯ ಕೀಲಿಕೈ ತಂದು ಸುಶೀಲೆಯ ಮುಂದೆ ಮೇಜಿನ ಮೇಲಿಟ್ಟರು. ಪಂಥದ ಸಂಗತಿ ಅವರಿಗೆ ಗೊತ್ತಿತ್ತು. ನಾನು ದೋಸೆಯ ಚೂರನ್ನು ತಟ್ಟೆಯಲ್ಲಿ ಅತ್ತಿತ್ತ ದೂಡುತ್ತ ಕುಳಿತೆ.

"ಎಂತ ಸುಶೀಲಕ್ಕ, ಅಷ್ಟು ದೊಡ್ಡ ಕಾಡು ಸೇರಿ ಇಷ್ಟೇ ಕೊಟ್ಟದ್ದಾ?" ಎಂದರು ರಾಯರು.

"ಭಾಳ ಇತ್ರೀ. ಉಳದದ್ದೆಲ್ಲಾ ನಾನಽ ಪೆಟ್ಟಿಗ್ಯಾಗ ಬಿಡಿಸೇನಿ. ಮಳಿಗಾಲದಾಗ ಹೂ ಎಲ್ಲಿರ್ತಾವು? ಪಾಪ, ಉಪವಾಸ ಬೀಳ್ತಾವು."

ರಾಯರು ತಲೆದೂಗಿದರು. ಆಮೇಲೆ ಏನೋ ಹೊಳೆದವರಂತೆ, "ಅದು ಸರಿ. ಆದರೆ ಮಳೆಗಾಲಕ್ಕೆ ನೀವು ಇಲ್ಲಿಗೆ ಬರುದಲ್ವಾ? ಮತ್ತೆ ಅಲ್ಲಿ ಅದನ್ನೆಲ್ಲ ನೋಡಿಕೊಳ್ಳುದು ಯಾರು?" ಎಂದು ಕೇಳಿದರು.

ಸುಶೀಲೆ ಕೀಲಿಕೈಯನ್ನೊಮ್ಮೆ ನೋಡಿದಳು, ಆ ಪ್ರಶ್ನೆ ಅವಳಿಗೂ ಆಗಲೇ ಮೊದಲ ಸಲ ಎದುರಾದಂತಿತ್ತು. ಹಿತ್ತಿಲಲ್ಲಿ ಮುಚ್ಚಳ ಮುಚ್ಚಿದ ಅವಳ ಕೈ ನನ್ನ ಕಣ್ಣ ಮುಂದೆ ಬಂತು, ನಾನೆಂಥ ಮಂಕನೆಂದು ನನಗೇ ನಗು ಬಂತು. ಆದರೂ ತಲೆ ಎತ್ತಲಿಲ್ಲ; ಎತ್ತಿದರೆ ಎಲ್ಲಿ ಮನಸ್ಸು ಬದಲಿಸುವಳೋ ಎಂಬ ಭಯ.

"ನಾ ಇರ್ತೇನಲ್ರೀ ಅಲ್ಲೆ," ಎಂದಳು ಸುಶೀಲೆ, ಕೀಲಿಕೈಯನ್ನು ರಾಯರ ಕಡೆ ಸರಿಸುತ್ತ.